ಒಬ್ಬ ಗವರ್ನರ್ ಕೈಯಲ್ಲಿ ಬೆಲೆ ಏರಿಕೆ ನಿಲ್ಲುತ್ತಾ? ಪಾಲ್ ವೋಲ್ಕರ್ ಬಗ್ಗೆ ಓದಿದ ಮೇಲೆ ಬಂದ ಪ್ರಶ್ನೆ

ಹೇಮಾವತಿ ದಂಡೆ, ಹಾಸನ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ಗೆ ಅಧ್ಯಕ್ಷರಾಗಿದ್ದ, ಅಂದರೆ ನಮ್ಮ ರಿಸರ್ವ್ ಬ್ಯಾಂಕ್ ಗವರ್ನರ್ ತರಹದ ಕುರ್ಚಿಯಲ್ಲಿದ್ದ ಪಾಲ್ ವೋಲ್ಕರ್ ಬಗ್ಗೆ ಈಚೆಗೆ ಓದುತ್ತಿದ್ದೇನೆ. 1979ರ ಆಗಸ್ಟ್‌ನಲ್ಲಿ ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್, ವೋಲ್ಕರ್ ಅವರನ್ನು ಆ ಕುರ್ಚಿಗೆ ತಂದು ಕೂರಿಸಿದರು. ಆಗ ಅಲ್ಲಿ ಬೆಲೆಗಳು ವರ್ಷಕ್ಕೆ 11%ಕ್ಕಿಂತ ಜಾಸ್ತಿ ಏರುತ್ತಿದ್ದವು. 1980ರ ಮಾರ್ಚ್‌ನಲ್ಲಿ ಅದು 14.8% ಮುಟ್ಟಿತು. ವೋಲ್ಕರ್ ಹಣದ ಹರಿವನ್ನು ಬಿಗಿ ಹಿಡಿದರು. ಬ್ಯಾಂಕುಗಳು ಒಂದಕ್ಕೊಂದು ಕೊಡುವ ಸಾಲದ ಬಡ್ಡಿ 20%ರ ಹತ್ತಿರ ಹೋಯಿತು. ಮನೆ ಸಾಲ 18% ದಾಟಿತು. 1982ರ ಕೊನೆಗೆ ನಿರುದ್ಯೋಗ 10.8%. ಆದರೆ 1983ಕ್ಕೆ ಬೆಲೆ ಏರಿಕೆ 3%ರ ಆಸುಪಾಸಿಗೆ ಇಳಿದಿತ್ತು.

ಇದನ್ನು ಹೇಳಿದರೆ ತೋಟ ಇರುವ ನನ್ನ ಸ್ನೇಹಿತ ನಗುತ್ತಾನೆ. "ಮಳೆ ತರಿಸೋಕೆ ಆಗದ ಗವರ್ನರ್ ಈರುಳ್ಳಿ ಬೆಲೆ ಹೇಗೆ ಇಳಿಸ್ತಾನೆ? ಎಲ್ಲ ಸುಮ್ನೆ" ಅನ್ನುತ್ತಾನೆ. ನನಗೆ ಅಷ್ಟು ಸಲೀಸಾಗಿ ತಳ್ಳಿಹಾಕಲು ಆಗುತ್ತಿಲ್ಲ. ವೋಲ್ಕರ್ ನಿಜವಾಗಿ ಏನು ಮಾಡಿದರು? ನಮ್ಮಲ್ಲಿ ಅಂಥವರು ಯಾರಾದರೂ ಇದ್ದರಾ? ಗೊತ್ತಿರುವವರು ಹೇಳಿ.

ಕಣದ ಕಾವಲು, ಮೂಡಿಗೆರೆ:

ನಿಮ್ಮ ಸ್ನೇಹಿತನ ಕಡೆಗೇ ನನ್ನ ಓಟು. ಸೊಸೈಟಿಯಲ್ಲಿ ತೆಗೆದ ಬೆಳೆ ಸಾಲಕ್ಕೆ ನಮ್ಮ ರಾಜ್ಯದಲ್ಲಿ ಬಡ್ಡಿಯೇ ಇಲ್ಲ, ಟೈಮಿಗೆ ಕಟ್ಟಿದರೆ ಆಯಿತು. ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಅದೇ ರೆಪೋ, ಏರಿದರೂ ಅಷ್ಟೇ, ಇಳಿದರೂ ಅಷ್ಟೇ. ಗೊಬ್ಬರದ ಬೆಲೆ, ಕೊಯ್ಲಿನ ಕೂಲಿ, ಡೀಸೆಲ್, ಇವುಗಳಲ್ಲಿ ಯಾವುದು ಗವರ್ನರ್ ಮಾತು ಕೇಳುತ್ತೆ ಮಾರಾಯ್ರೆ?

ಇಎಂಐ ಸಂಸಾರಿ, ಹಾಸನ:

ಅಣ್ಣಾ, ನಿಮಗೆ ತಟ್ಟಿಲ್ಲ. ನಮಗೆ ಚೆನ್ನಾಗಿಯೇ ತಟ್ಟಿದೆ.

2022ರ ಮೇ 4ನೇ ತಾರೀಕು. ಸಭೆಯ ದಿನವೂ ಅಲ್ಲ. ಗವರ್ನರ್ ಶಕ್ತಿಕಾಂತ ದಾಸ್ ದಿಢೀರನೆ ಟಿವಿಯಲ್ಲಿ ಬಂದು ರೆಪೋ 4%ದಿಂದ 4.40%ಗೆ ಏರಿಸಿದೆವು ಅಂದರು. 2023ರ ಫೆಬ್ರುವರಿ ಹೊತ್ತಿಗೆ 6.50%. ಹೊಸ ಮನೆ ಸಾಲಗಳು 2019ರ ಅಕ್ಟೋಬರ್‌ನಿಂದ ಹೆಚ್ಚಾಗಿ ರೆಪೋಗೇ ಅಂಟಿಕೊಂಡಿವೆ. ಅಲ್ಲಿ ಏರಿದ್ದು ಇಲ್ಲಿ ತಪ್ಪುವುದಿಲ್ಲ.

ಲೆಕ್ಕ ನೋಡಿ. 30 ಲಕ್ಷ, 20 ವರ್ಷ, 7% ಬಡ್ಡಿ ಅಂದರೆ ಕಂತು ಸುಮಾರು 23,260. ಬಡ್ಡಿ 9.5% ಆದರೆ 30 ಲಕ್ಷಕ್ಕೆ ತಿಂಗಳ ಬಡ್ಡಿಯೇ 23,750. ಹಳೇ ಕಂತು ಬಡ್ಡಿಗೂ ಸಾಲುವುದಿಲ್ಲ. ಅಸಲು ಕರಗೋದು ಎಲ್ಲಿಂದ ಬಂತು? ನಾನು ಕಾರು ತಗೊಳ್ಳೋದನ್ನು ಕೈಬಿಟ್ಟೆ. ಹೆಂಡತಿ ಅಡುಗೆಮನೆ ಕೆಲಸ ಮುಂದಕ್ಕೆ ಹಾಕಿದಳು. ಬಡಗಿಗೆ ಕೊಟ್ಟಿದ್ದ ಮಾತು ವಾಪಸ್ ತಗೊಂಡೆವು. ಗವರ್ನರ್‌ಗೆ ಬೇಕಾಗಿದ್ದೂ ಅದೇ ಅಲ್ವಾ?

ಕಾಮರ್ಸ್ ಮೇಡಂ, ಚಿಕ್ಕಮಗಳೂರು:

ಅದೇ. ಇಎಂಐ ಸಂಸಾರಿಯವರು ನಮ್ಮ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಹೇಳಿದ್ದಾರೆ. ನೀವು ಕಾರು ಬಿಟ್ಟಿರಿ, ಬಡಗಿಗೆ ಕೆಲಸ ತಪ್ಪಿತು, ಬಡಗಿ ಬೇರೆ ಏನೋ ಬಿಟ್ಟರು. ಬೇಡಿಕೆ ಹೀಗೆ ಇಳಿಯುತ್ತೆ. ಕಹಿ ಮದ್ದು.

ವೋಲ್ಕರ್ ವಿಷಯಕ್ಕೆ ಬರುತ್ತೇನೆ. ಅವರಿಗಿಂತ ಹಿಂದೆ, 1970ರಿಂದ 1978ರವರೆಗೆ ಆರ್ಥರ್ ಬರ್ನ್ಸ್ ಅಧ್ಯಕ್ಷರಾಗಿದ್ದರು. ದೊಡ್ಡ ವಿದ್ವಾಂಸರು. ಆದರೆ 1972ರ ಚುನಾವಣೆ ಹತ್ತಿರ ಬಂದಾಗ ಬಡ್ಡಿ ಇಳಿಸಿ ಅಂತ ಅಧ್ಯಕ್ಷ ನಿಕ್ಸನ್ ಒತ್ತಡ ಹಾಕಿದ್ದು ನಿಕ್ಸನ್ ಅವರದೇ ಧ್ವನಿಮುದ್ರಣಗಳಲ್ಲಿ ದಾಖಲಾಗಿದೆ. ಬರ್ನ್ಸ್ ಗಟ್ಟಿಯಾಗಿ ನಿಲ್ಲಲಿಲ್ಲ. 1979ರ ಸೆಪ್ಟೆಂಬರ್ ಕೊನೆಯಲ್ಲಿ ಬೆಲ್‌ಗ್ರೇಡ್‌ನಲ್ಲಿ ಅವರ ಉಪನ್ಯಾಸ ಇತ್ತು. ಸಮಾಜವೇ ಖರ್ಚು ಮಾಡಿ, ಉದ್ಯೋಗ ಕೊಡಿ ಅಂತ ಒತ್ತುವಾಗ ಕೇಂದ್ರ ಬ್ಯಾಂಕುಗಳು ಹೆಚ್ಚೇನೂ ಮಾಡಲು ಆಗುವುದಿಲ್ಲ ಅನ್ನುವುದು ಅದರ ಧಾಟಿ. ವೋಲ್ಕರ್ ಕೂಡ ಸಭೆಗೆಂದು ಅದೇ ಊರಲ್ಲಿದ್ದರು. ಅವರು ಬೇಗ ಊರಿಗೆ ಮರಳಿದರು. ಅಕ್ಟೋಬರ್ 6, ಶನಿವಾರ ಸಂಜೆ, ಪತ್ರಕರ್ತರನ್ನು ಕರೆಸಿ ಹೊಸ ನೀತಿ ಪ್ರಕಟಿಸಿದರು. ನನಗೆ ಆ ಒಂದು ವಾರದ ಚರಿತ್ರೆ ಬಹಳ ಇಷ್ಟ. ಒಬ್ಬರು ಆಗುವುದಿಲ್ಲ ಅಂದರು, ಇನ್ನೊಬ್ಬರು ಮಾಡಿಯೇ ಬಿಟ್ಟರು.

ಪರೀಕ್ಷೆ ತಯಾರಿ, ಕಡೂರು:

ಮೇಡಂ, ಒಂದು ಡೌಟು. 20% ಬಡ್ಡಿ ಅಂತ ವೋಲ್ಕರ್ ಅವರೇ ನಿಗದಿ ಮಾಡಿದ್ದಾ? ನಮ್ಮ ರೆಪೋ ತರಹ?

ಕಾಮರ್ಸ್ ಮೇಡಂ, ಚಿಕ್ಕಮಗಳೂರು:

ಒಳ್ಳೆ ಪ್ರಶ್ನೆ ಕಣಮ್ಮ. ಹಾಗೆ ಅಲ್ಲ. ಬ್ಯಾಂಕುಗಳ ಬಳಿ ಇರುವ ಮೀಸಲು ಹಣ ಇಷ್ಟಕ್ಕಿಂತ ಜಾಸ್ತಿ ಬೆಳೆಯಬಾರದು ಅಂತ ಅವರು ಹಿಡಿದರು. ಬಡ್ಡಿ ಎಲ್ಲಿಗೆ ಬೇಕಾದರೂ ಹೋಗಲಿ ಅಂತ ಬಿಟ್ಟರು. ಅದು ಅಲ್ಲಿಗೆ ಹೋಯಿತು. ಇದರಲ್ಲಿ ಜಾಣತನವೂ ಇತ್ತು. "ನಾನು 20% ಅಂತ ಹೇಳಿಲ್ಲ, ಮಾರುಕಟ್ಟೆ ಹೇಳಿದ್ದು" ಅನ್ನಬಹುದಲ್ಲ! ಯಾವ ಸಮಿತಿಯಾದರೂ ಕೈ ಎತ್ತಿ 20% ಅಂತ ಮತ ಹಾಕಲು ಧೈರ್ಯ ಮಾಡುತ್ತಿತ್ತಾ? ಕೆಲವು ವರ್ಷದಲ್ಲಿ ಆ ಪದ್ಧತಿಯನ್ನು ಅವರೇ ಕೈಬಿಟ್ಟರು.

ತೆಂಗು ತೋಟ, ಅರಸೀಕೆರೆ:

ವೋಲ್ಕರ್ ಪುರಾಣ ಸಾಕು. 1979ರಲ್ಲಿ ಇರಾನ್ ಕ್ರಾಂತಿ ಆಯಿತು, ತೈಲ ದುಬಾರಿ ಆಯಿತು, ಬೆಲೆ ಏರಿತು. ಆಮೇಲೆ ತೈಲ ಇಳಿಯಿತು, ಬೆಲೆಯೂ ಇಳಿಯಿತು. ಮಧ್ಯದಲ್ಲಿ ಒಬ್ಬರು ಚುಟ್ಟಾ ಸೇದಿಕೊಂಡು ಕೂತಿದ್ದರು. ಹೆಸರು ಅವರಿಗೆ ಬಂತು.

ಕಾಮರ್ಸ್ ಮೇಡಂ, ಚಿಕ್ಕಮಗಳೂರು:

ತೈಲದ ಪಾಲು ಇಲ್ಲ ಅಂತ ಯಾರೂ ಹೇಳಿಲ್ಲ ಸಾರ್. ಆದರೆ ತೈಲ ನಿಜವಾಗಿ ಕುಸಿದಿದ್ದು 1986ರಲ್ಲಿ. ಬೆಲೆ ಏರಿಕೆ 3%ರ ಹತ್ತಿರ ಬಂದಿದ್ದು 1983ರಲ್ಲಿ. ತಾರೀಕು ಹೊಂದುವುದಿಲ್ಲವಲ್ಲ?

ತೆಂಗು ತೋಟ, ಅರಸೀಕೆರೆ:

1981ರಿಂದಲೇ ತೈಲ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು. ಅಷ್ಟು ನಿರುದ್ಯೋಗ ತಂದರೆ ಯಾವ ಬೆಲೆ ತಾನೇ ಇಳಿಯಲ್ಲ? ಜನರ ಹತ್ತಿರ ದುಡ್ಡೇ ಇಲ್ಲದ ಹಾಗೆ ಮಾಡೋದು ಒಂದು ವಿದ್ಯೆಯಾ?

ಹಳೇ ಮ್ಯಾನೇಜರ್, ಹಾಸನ:

ಎಲ್ಲರೂ ಅಮೆರಿಕ ಅಮೆರಿಕ ಅಂತಿದ್ದೀರಿ. ನಮ್ಮ ದೇಶದಲ್ಲಿ ಇದಕ್ಕಿಂತ ದೊಡ್ಡದು ಆಗಿದೆ. ಆಗ ನಾನು ಬ್ಯಾಂಕಿಗೆ ಹೊಸದಾಗಿ ಸೇರಿದ್ದೆ.

1974. ಸಗಟು ಬೆಲೆ ಏರಿಕೆ ಆ ವರ್ಷ ಸೆಪ್ಟೆಂಬರ್‌ನಲ್ಲಿ 30% ದಾಟಿತ್ತು. ಹೌದು, ಮೂವತ್ತು. ಮಳೆ ಕೈಕೊಟ್ಟಿತ್ತು, 1973ರ ಕೊನೆಯಲ್ಲಿ ತೈಲ ಬೆಲೆ ನಾಲ್ಕು ಪಟ್ಟು ಆಗಿತ್ತು, ಮೇ ತಿಂಗಳಲ್ಲಿ ರೈಲ್ವೆ ಮುಷ್ಕರ. ಗವರ್ನರ್ ಆಗಿದ್ದವರು ಎಸ್. ಜಗನ್ನಾಥನ್. ಜುಲೈನಲ್ಲಿ ಬ್ಯಾಂಕ್ ದರ (ಈಗಿನ ರೆಪೋ ತರಹದ್ದು) 7%ದಿಂದ 9%ಕ್ಕೆ ಏರಿತು. ಆದರೆ ಜನಕ್ಕೆ ನೆನಪಿರುವುದು ಅದಲ್ಲ. ಸರ್ಕಾರ ಸುಗ್ರೀವಾಜ್ಞೆ ತಂದು ನಮ್ಮ ಸಂಬಳದ ಏರಿಕೆಯನ್ನು ಕಡ್ಡಾಯ ಠೇವಣಿಗೆ ಹಾಕಿತು. ಹೆಚ್ಚುವರಿ ತುಟ್ಟಿಭತ್ಯೆಯ ಅರ್ಧವೂ ಅಲ್ಲಿಗೇ ಹೋಯಿತು. ಕೈಗೆ ಬರುವ ದುಡ್ಡನ್ನೇ ಕಟ್ಟಿ ಹಾಕಿದರು. ನಾವು ಬೈದುಕೊಂಡೇ ಕೆಲಸ ಮಾಡಿದೆವು. 1975-76ರಲ್ಲಿ ಸಗಟು ಬೆಲೆ ಸೂಚ್ಯಂಕ ಏರುವುದಿರಲಿ, ಇಳಿದೇ ಬಿಟ್ಟಿತು. ಒಳ್ಳೆ ಬೆಳೆಯೂ ಬಂದಿತ್ತು ಅನ್ನಿ.

ಹೇಳಬೇಕಾದ್ದು ಇಷ್ಟೇ. ನಮ್ಮಲ್ಲಿ ಆಗ ಗವರ್ನರ್ ಅಲ್ಲ, ದೆಹಲಿಯ ಸರ್ಕಾರ ಆ ಕೆಲಸ ಮಾಡಿತು. ನಮಗೆ ವೋಲ್ಕರ್ ಇರಲಿಲ್ಲ, ಇಂದಿರಾ ಗಾಂಧಿ ಇದ್ದರು.

ಬೈಪಾಸ್ ರೋಡ್, ಚಿಕ್ಕಮಗಳೂರು:

ಆ ಇಂದಿರಾ ಗಾಂಧಿಯವರನ್ನು 1978ರಲ್ಲಿ ಗೆಲ್ಲಿಸಿ ಕಳಿಸಿದ್ದು ನಾವೇ. 😄

ಹಳೇ ಮ್ಯಾನೇಜರ್, ಹಾಸನ:

ಗೊತ್ತಪ್ಪ. ನಮ್ಮ ಜಿಲ್ಲೆಯವರು ಪ್ರಧಾನಿಯನ್ನೇ ಕೊಟ್ಟಿದ್ದೀವಿ.

ಆಲೂರು ಹುಡುಗ:

ಶುರುವಾಯ್ತು ಹಾಸನ ಚಿಕ್ಕಮಗಳೂರು ಜಗಳ. 🙏

ಕಾಮರ್ಸ್ ಮೇಡಂ, ಚಿಕ್ಕಮಗಳೂರು:

ಜಗಳ ಬೇಡ, ಆದರೆ ಆ ಮಾತು ಬಂದಿದ್ದು ಒಳ್ಳೆಯದೇ ಆಯಿತು. ಮೊದಲೆಲ್ಲ ಕೇಂದ್ರ ಸರ್ಕಾರಕ್ಕೆ ದುಡ್ಡು ಕಡಿಮೆ ಬಿದ್ದರೆ ಅಡ್‌ಹಾಕ್ ಟ್ರೆಜರಿ ಬಿಲ್ ಅನ್ನುವ ಸಾಲಪತ್ರ ಹೊರಡಿಸುತ್ತಿತ್ತು. ರಿಸರ್ವ್ ಬ್ಯಾಂಕ್ ಅದನ್ನು ಇಟ್ಟುಕೊಂಡು ಹಣ ಕೊಡಲೇಬೇಕಿತ್ತು. ಅಂದರೆ ನೋಟು ಅಚ್ಚು ಹಾಕಿ ಕೊರತೆ ತುಂಬುವುದು. ಗವರ್ನರ್ ಎಷ್ಟೇ ಗಟ್ಟಿಗರಾದರೂ ಈ ಬಾಗಿಲು ತೆರೆದಿದ್ದರೆ ಏನು ಮಾಡಲು ಸಾಧ್ಯ? ಅದನ್ನು ಹಂತ ಹಂತವಾಗಿ ನಿಲ್ಲಿಸೋಣ ಅಂತ 1994ರ ಸೆಪ್ಟೆಂಬರ್‌ನಲ್ಲಿ ಒಪ್ಪಂದ ಆಯಿತು. ಮನಮೋಹನ್ ಸಿಂಗ್ ಹಣಕಾಸು ಸಚಿವರು, ಸಿ. ರಂಗರಾಜನ್ ಗವರ್ನರ್. ಪೂರ್ತಿ ನಿಂತಿದ್ದು 1997ರ ಏಪ್ರಿಲ್ 1ರಿಂದ. ಆ ದಿನ ಪ್ರಧಾನಿ ಕುರ್ಚಿಯಲ್ಲಿ ಇದ್ದವರು ಹರದನಹಳ್ಳಿಯ ದೇವೇಗೌಡರು.

ನನ್ನ ಮಟ್ಟಿಗೆ ನಮ್ಮ ದೇಶದ ವೋಲ್ಕರ್ ಅಂದರೆ ರಂಗರಾಜನ್. ಬಡ್ಡಿ ಏರಿಸಿದ್ದಕ್ಕಲ್ಲ, ಆ ಬಾಗಿಲು ಮುಚ್ಚಿಸಿದ್ದಕ್ಕೆ. ಪೇಪರ್‌ನಲ್ಲಿ ದೊಡ್ಡ ಸುದ್ದಿ ಆಗಲಿಲ್ಲ, ಯಾರೂ ಟ್ರ್ಯಾಕ್ಟರ್ ತಂದು ನಿಲ್ಲಿಸಲಿಲ್ಲ.

ಆಲೂರು ಹುಡುಗ:

ಟ್ರ್ಯಾಕ್ಟರ್? ಅದೇನು ಕಥೆ?

ಹೇಮಾವತಿ ದಂಡೆ, ಹಾಸನ:

ಅದು ನಾನು ಓದಿದ್ದರಲ್ಲಿದೆ. ಸಾಲದಲ್ಲಿ ಮುಳುಗಿದ ಅಲ್ಲಿಯ ರೈತರು ಟ್ರ್ಯಾಕ್ಟರ್ ಓಡಿಸಿಕೊಂಡು ವಾಷಿಂಗ್ಟನ್‌ಗೆ ಬಂದು ಫೆಡ್ ಅಂದರೆ ಫೆಡರಲ್ ರಿಸರ್ವ್ ಕಟ್ಟಡಕ್ಕೆ ಮುತ್ತಿಗೆ ಹಾಕಿದರು. ಮನೆ ಕಟ್ಟುವ ಕಂಟ್ರಾಕ್ಟರ್‌ಗಳು ಮರದ ತುಂಡುಗಳನ್ನು ಅಂಚೆಯಲ್ಲಿ ವೋಲ್ಕರ್‌ಗೆ ಕಳಿಸಿದರು. ಮನೆಯೇ ಕಟ್ಟುತ್ತಿಲ್ಲ, ಈ ಮರ ನೀವೇ ಇಟ್ಟುಕೊಳ್ಳಿ ಅನ್ನುವ ಅರ್ಥದಲ್ಲಿ. ಕಾರು ಡೀಲರ್‌ಗಳು ಮಾರಾಟ ಆಗದ ಕಾರುಗಳ ಕೀಲಿಗಳನ್ನು ಶವಪೆಟ್ಟಿಗೆಯಲ್ಲಿಟ್ಟು ಕಳಿಸಿದರು.

ಆಲೂರು ಹುಡುಗ:

ನಮ್ಮವರು ಆಲೂಗಡ್ಡೆ ತಂದು ರಸ್ತೆಗೆ ಸುರಿಯುತ್ತಾರೆ. ಅಂಚೆ ಖರ್ಚು ಉಳಿಯಿತು.

ಕಣದ ಕಾವಲು, ಮೂಡಿಗೆರೆ:

ನಗಬೇಡಿ. ಅಲ್ಲಿಯ ರೈತರ ಕಥೆ ನಿಜಕ್ಕೂ ಕೆಟ್ಟದಾಗಿತ್ತು. 70ರ ದಶಕದಲ್ಲಿ ಜಮೀನಿನ ಬೆಲೆ ಏರುತ್ತಿದೆ ಅಂತ ಬ್ಯಾಂಕುಗಳೇ ಕರೆದು ಸಾಲ ಕೊಟ್ಟವು. ಬಡ್ಡಿ ಏರಿತು, ಬೆಳೆಯ ಬೆಲೆ ಬಿತ್ತು, ಜಮೀನಿನ ಬೆಲೆಯೂ ಬಿತ್ತು. ಅಡಮಾನ ಇಟ್ಟ ಜಮೀನು ಹರಾಜಾಯಿತು. ಸೊಸೈಟಿ ಸಾಲಕ್ಕೆ ಬಡ್ಡಿ ಇಲ್ಲ ಅಂತ ನಾನು ಹೇಳಿದ್ದು ಸಣ್ಣ ಬೆಳೆ ಸಾಲಕ್ಕೆ. ಬ್ಯಾಂಕಿನಲ್ಲಿ ತೋಟ ಅಡ ಇಟ್ಟು ದೊಡ್ಡ ಸಾಲ ತೆಗೆದವರನ್ನು ಕೇಳಿ, ಬಡ್ಡಿ ಅಂದರೆ ಏನು ಅಂತ ಅವರು ಹೇಳ್ತಾರೆ. ಹಾಗಾಗಿ ನನಗೆ ವೋಲ್ಕರ್ ಹೀರೋ ಅಲ್ಲ.

ಕ್ಯೂರಿಂಗ್ ಗುಮಾಸ್ತ, ಹಾಸನ:

ಕಣದ ಕಾವಲು ಅವರೇ, ಗವರ್ನರ್ ಮಾತು ಯಾವ ಬೆಲೆ ಕೇಳುತ್ತೆ ಅಂದಿರಿ. ಕಾಫಿ ಬೆಲೆಯೇ ಕೇಳುತ್ತೆ. ನಾನು ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವವನು, ದಿನಾ ನೋಡುತ್ತೇನೆ.

ವ್ಯಾಪಾರಿ ಸ್ವಂತ ದುಡ್ಡಿನಲ್ಲಿ ಕಾಫಿ ಕೊಳ್ಳುವುದು ಅಪರೂಪ. ಬ್ಯಾಂಕಿನ ಸಾಲದಲ್ಲಿ ಕೊಳ್ಳುತ್ತಾನೆ. ಮೂಟೆ ಗೋಡೌನ್‌ನಲ್ಲಿ ಇದ್ದಷ್ಟು ದಿನ ಬಡ್ಡಿ ಓಡುತ್ತಿರುತ್ತೆ. ಬಡ್ಡಿ 7% ಇದ್ದಾಗ ಆರು ತಿಂಗಳು ಹಿಡಿದಿಟ್ಟರೆ ಮೂರೂವರೆ ರೂಪಾಯಿ ಏರಿದರೂ ಸಾಕು, ಅಂದರೆ ನೂರಕ್ಕೆ. 14% ಆದರೆ ಏಳು ರೂಪಾಯಿ ಏರಬೇಕು. ಏರುತ್ತೆ ಅನ್ನೋ ಭರವಸೆ ಇಲ್ಲದಿದ್ದರೆ ಮಾರಿಬಿಡುತ್ತಾನೆ. ಎಲ್ಲರೂ ಮಾರಿದರೆ ಬೆಲೆ ಇಳಿಯುತ್ತೆ. ಬೆಳೆಗಾರನಿಗೂ ಅದೇ. ಸಾಲ ಇಲ್ಲದವನು ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ ಮನೆಯಲ್ಲಿಟ್ಟುಕೊಂಡು ಕಾಯುತ್ತಾನೆ. ಸಾಲ ಇದ್ದವನು ಕಣದಿಂದಲೇ ಲಾರಿ ಹತ್ತಿಸುತ್ತಾನೆ. ಮಳೆ ಗವರ್ನರ್ ಕೈಲಿಲ್ಲ, ಒಪ್ಪಿದೆ. ಗೋಡೌನ್ ಬಾಗಿಲು ಸ್ವಲ್ಪ ಮಟ್ಟಿಗೆ ಅವರ ಕೈಲಿದೆ.

ಹೇಮಾವತಿ ದಂಡೆ, ಹಾಸನ:

ಇದು ನನಗೆ ಹೊಳೆದೇ ಇರಲಿಲ್ಲ. ಥ್ಯಾಂಕ್ಸ್ ಸಾರ್.

ಕಣದ ಕಾವಲು, ಮೂಡಿಗೆರೆ:

ಗುಮಾಸ್ತರ ಮಾತು ಸರಿ, ಆದರೆ ಪೂರ್ತಿ ಅಲ್ಲ. ನಮ್ಮ ಕಾಫಿ ಬೆಲೆ ನಡೆಸುವುದು ಮುಂಬೈ ಗವರ್ನರ್ ಅಲ್ಲ, ಬ್ರೆಜಿಲ್. ಅಲ್ಲಿಯ ಹಣ ರಿಯಾಲ್ 1999ರ ಜನವರಿಯಲ್ಲಿ ಕುಸಿಯಿತು. ಅಲ್ಲಿಯ ಬೆಳೆಗಾರನಿಗೆ ಅದೇ ಡಾಲರ್‌ಗೆ ಜಾಸ್ತಿ ರಿಯಾಲ್ ಸಿಗುತ್ತೆ. ಅವನು ಕಡಿಮೆ ಡಾಲರ್‌ಗೂ ಮಾರಲು ತಯಾರು. ಆ ಪೆಟ್ಟು ನಮಗೂ ಬಿತ್ತು. ಆಗ ಅಲ್ಲಿ ಅರ್ಮಿನಿಯೊ ಫ್ರಾಗಾ ಅನ್ನುವವರು ಕೇಂದ್ರ ಬ್ಯಾಂಕ್ ಅಧ್ಯಕ್ಷರಾಗಿ ಬಂದರು. ಮಾರ್ಚ್‌ನಲ್ಲಿ ಬಂದವರೇ ಬಡ್ಡಿ ಎಷ್ಟಕ್ಕೆ ಏರಿಸಿದರು ಗೊತ್ತಾ? 45%.

ಇಎಂಐ ಸಂಸಾರಿ, ಹಾಸನ:

45!! ನಾನು ಮನೆ ಬೀಗದ ಕೈ ಬ್ಯಾಂಕಿಗೆ ಕೊಟ್ಟು ಬರುತ್ತಿದ್ದೆ.

ಕಾಮರ್ಸ್ ಮೇಡಂ, ಚಿಕ್ಕಮಗಳೂರು:

ಫ್ರಾಗಾ ಹೆಸರು ಇಲ್ಲಿ ಕೇಳಿ ಖುಷಿ ಆಯಿತು. ಆ 45% ಬಹಳ ದಿನ ಉಳಿಯಲಿಲ್ಲ. ವರ್ಷದ ಕೊನೆಗೆ 19%ಗೆ ಇಳಿಸಿದ್ದರು. ಬೆಲೆ ಏರಿಕೆ ಆ ವರ್ಷ ಎರಡಂಕಿ ಮುಟ್ಟಲಿಲ್ಲ. ಬೆಲೆ ಕೈಮೀರಿ ಏರುತ್ತಿದ್ದ ಹಳೇ ದುಃಸ್ವಪ್ನ ಮರಳುತ್ತೆ ಅಂತ ಎಲ್ಲರೂ ಹೆದರಿದ್ದರು. ಈ ಮನುಷ್ಯ ಬಿಡುವುದಿಲ್ಲ ಅಂತ ಜನ ನಂಬಿದ ಮೇಲೆ ಅಷ್ಟು ಬಡ್ಡಿ ಬೇಕಾಗಲಿಲ್ಲ. ವೋಲ್ಕರ್‌ಗೆ ಆ ನಂಬಿಕೆ ಗಳಿಸಲು ಮೂರು ವರ್ಷ ಹಿಡಿಯಿತು, ಯಾಕೆಂದರೆ 1980ರಲ್ಲಿ ಅವರೂ ಒಮ್ಮೆ ಜಾರಿದರು. ಆರ್ಥಿಕತೆ ಕುಸಿದಾಗ ಬಡ್ಡಿ ಬೇಸಿಗೆಯಲ್ಲಿ 9%ರ ಹತ್ತಿರ ಇಳಿಯಲು ಬಿಟ್ಟರು. ಬೆಲೆ ಮತ್ತೆ ತಲೆ ಎತ್ತಿತು. ಮತ್ತೆ ಏರಿಸಬೇಕಾಯಿತು. ಅದೂ ಚುನಾವಣೆ ಮುಂದಿಟ್ಟುಕೊಂಡು. ತಂದು ಕೂರಿಸಿದ ಕಾರ್ಟರ್ ಸೋತರು.

ತೆಂಗು ತೋಟ, ಅರಸೀಕೆರೆ:

ನೋಡಿ, ನೀವೇ ಹೇಳಿದಿರಿ. ಮೊದಲ ಸಲ ಜಾರಿದ್ದಕ್ಕೆ ಎರಡನೇ ಸಲ ಜನ ಡಬಲ್ ದಂಡ ಕಟ್ಟಿದರು.

ಕಾಮರ್ಸ್ ಮೇಡಂ, ಚಿಕ್ಕಮಗಳೂರು:

ಅದನ್ನು ಒಪ್ಪುತ್ತೇನೆ. ಆ ದಂಡದ ಬಿಲ್ ಮೆಕ್ಸಿಕೋಗೂ ಹೋಯಿತು. ಡಾಲರ್ ಸಾಲದ ಬಡ್ಡಿ ಏರಿ 1982ರ ಆಗಸ್ಟ್‌ನಲ್ಲಿ ಕಟ್ಟಲು ಆಗುವುದಿಲ್ಲ ಅಂದುಬಿಟ್ಟರು.

ಹಳೇ ಮ್ಯಾನೇಜರ್, ಹಾಸನ:

ಸಾಲಗಾರರ ಬಗ್ಗೆ ಮಾತ್ರ ಎಲ್ಲರಿಗೂ ಅನುಕಂಪ. ನಮ್ಮಂಥ ನಿವೃತ್ತರ ಕಥೆ ಕೇಳುವವರಿಲ್ಲ. ಬಡ್ಡಿ ಇಳಿದಾಗಲೆಲ್ಲ ಎಫ್‌ಡಿ ಬಡ್ಡಿ ಇಳಿಯುತ್ತೆ. ನನಗಂತೂ ಜಾಸ್ತಿ ಬಡ್ಡಿ ಕೊಡುವ ಗವರ್ನರೇ ಒಳ್ಳೆಯವರು.

ಪರೀಕ್ಷೆ ತಯಾರಿ, ಕಡೂರು:

ಸಾರ್, ಇದಕ್ಕೆ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ರಘುರಾಮ್ ರಾಜನ್ ಅವರ ದೋಸೆ ಲೆಕ್ಕ ಇದೆ! ನಮ್ಮ ಕೋಚಿಂಗ್‌ನಲ್ಲಿ ಹೇಳಿಕೊಟ್ಟಿದ್ದರು. 2016ರ ಜನವರಿಯಲ್ಲಿ ದೆಹಲಿಯ ಒಂದು ಉಪನ್ಯಾಸದಲ್ಲಿ ಹೇಳಿದ್ದು.

ನಿವೃತ್ತರ ಬಳಿ 1 ಲಕ್ಷ ಇದೆ, ದೋಸೆಗೆ 50 ರೂಪಾಯಿ ಅಂದುಕೊಳ್ಳಿ. ಈಗಲೇ ತಿಂದರೆ 2000 ದೋಸೆ. ಠೇವಣಿ ಇಟ್ಟರೆ 10% ಬಡ್ಡಿ, ಅಂದರೆ 10,000. ಆದರೆ ಬೆಲೆ ಏರಿಕೆಯೂ 10%. ದೋಸೆ 55 ಆಯಿತು. ಬಡ್ಡಿಗೆ 182 ದೋಸೆ, ಅಸಲಿಗೆ 1818. ಒಟ್ಟು ಮತ್ತೆ 2000. ಒಂದು ದೋಸೆಯೂ ಜಾಸ್ತಿ ಇಲ್ಲ. ಇನ್ನೊಂದು ಲೆಕ್ಕದಲ್ಲಿ ಬಡ್ಡಿ 8%, ಬೆಲೆ ಏರಿಕೆ 5.5%. ದೋಸೆ 52.75. ಬಡ್ಡಿಗೆ 152 ದೋಸೆ, ಅಸಲಿಗೆ 1896. ಒಟ್ಟು 2048. ಬಡ್ಡಿ ಕಡಿಮೆ, ದೋಸೆ ಜಾಸ್ತಿ.

ಹಳೇ ಮ್ಯಾನೇಜರ್, ಹಾಸನ:

ಮಗಳೇ, ಲೆಕ್ಕ ಸರಿ. ಆದರೆ ನಾನು ಅಸಲು ಮುರಿದು ದೋಸೆ ತಿನ್ನುವವನಲ್ಲ. ಬಡ್ಡಿಯಲ್ಲೇ ತಿಂಗಳು ತೂಗಿಸಬೇಕು. ನನ್ನ ತಟ್ಟೆಗೆ 182ರ ಜಾಗದಲ್ಲಿ 152 ಬಂತಲ್ಲ? ಅಸಲಿನ ದೋಸೆ ತಿನ್ನುವವನು ನನ್ನ ಮಗ.

ಕಾಮರ್ಸ್ ಮೇಡಂ, ಚಿಕ್ಕಮಗಳೂರು:

ಸಾರ್, ಅದೇ ವಿಷಯ. 10% ಬೆಲೆ ಏರಿಕೆಯಲ್ಲಿ ನೀವು ಬಡ್ಡಿ ತಿಂತಿದ್ದೀನಿ ಅಂದುಕೊಂಡು ಅಸಲನ್ನೇ ತಿನ್ನುತ್ತಿರುತ್ತೀರಿ. ಹತ್ತು ವರ್ಷ ಆದ ಮೇಲೆ ಅದೇ 10,000 ಬಡ್ಡಿಗೆ ದೋಸೆ ಎಷ್ಟು ಬರುತ್ತೆ? ಬೆಲೆ ಅಷ್ಟೇ ವೇಗದಲ್ಲಿ ಏರಿದರೆ ದೋಸೆ 130 ಆಗಿರುತ್ತೆ. 77 ದೋಸೆ.

ಹಳೇ ಮ್ಯಾನೇಜರ್, ಹಾಸನ:

ಹತ್ತು ವರ್ಷ ಆದ ಮೇಲೆ ನನಗೆ ಡಾಕ್ಟರು ದೋಸೆ ತಿನ್ನಲು ಬಿಟ್ಟರೆ ನೋಡೋಣ.

ಬೈಪಾಸ್ ರೋಡ್, ಚಿಕ್ಕಮಗಳೂರು:

50 ರೂಪಾಯಿಗೆ ಬೆಣ್ಣೆ ದೋಸೆ ಎಲ್ಲಿ ಸಿಗುತ್ತೆ ಸ್ವಲ್ಪ ವಿಳಾಸ ಹಾಕಿ.

ಆಲೂರು ಹುಡುಗ:

ಬೆಲೆ ಏರಿಕೆ ಕಡಿಮೆ ಆದರೂ ಹೋಟೆಲ್‌ನವರು ದೋಸೆ ಬೆಲೆ ಇಳಿಸಲ್ಲ. ಅದಕ್ಕೇನು ಹೇಳ್ತಾರೆ ರಾಜನ್?

ಪರೀಕ್ಷೆ ತಯಾರಿ, ಕಡೂರು:

ಅದಕ್ಕೂ ಹೇಳಿದ್ದಾರೆ ಅಣ್ಣ. ಕೊಚ್ಚಿಯಲ್ಲಿ ಒಬ್ಬ ವಿದ್ಯಾರ್ಥಿ ಇದನ್ನೇ ಕೇಳಿದ್ದ. ತವಾ ಮೇಲೆ ಹಿಟ್ಟು ಹೊಯ್ದು, ಹರಡಿ, ಎತ್ತುವ ವಿಧಾನ ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ, ಆದರೆ ದೋಸೆ ಭಟ್ಟರ ಸಂಬಳ ಏರುತ್ತಲೇ ಇದೆ ಅಂದರಂತೆ. ಬೆಲೆ ಏರಿಕೆ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತಲ್ಲ, ಏರುವ ವೇಗ ಇಳಿಯಿತು ಅಂತ.

ಕಣದ ಕಾವಲು, ಮೂಡಿಗೆರೆ:

ಕೊಯ್ಲಿಗೂ ಅದೇ. ಹಣ್ಣು ಕೊಯ್ಯುವ ಕೈಗೆ ಬದಲಿ ಮೆಷಿನ್ ನಮ್ಮ ಇಳಿಜಾರಿನ ತೋಟದಲ್ಲಿ ಓಡಲ್ಲ. ರಾಜನ್ ಒಮ್ಮೆ ನಮ್ಮ ಕಡೆ ಬಂದು ಕೂಲಿ ಲೆಕ್ಕವನ್ನೂ ನೋಡಬೇಕಿತ್ತು.

ಕ್ಯೂರಿಂಗ್ ಗುಮಾಸ್ತ, ಹಾಸನ:

ರಾಜನ್ ಒಳ್ಳೆ ಮಾತುಗಾರರು ಹೌದು. ಆದರೆ ಅವರ ಅದೃಷ್ಟವನ್ನೂ ಹೇಳಬೇಕು. 2013ರ ಸೆಪ್ಟೆಂಬರ್‌ನಲ್ಲಿ ಬಂದರು. ಆಗ ರೆಪೋ 7.25%, 2014ರ ಜನವರಿಗೆ 8% ಮಾಡಿದರು. ಚಿಲ್ಲರೆ ಬೆಲೆ ಏರಿಕೆ 2013ರ ನವೆಂಬರ್‌ನಲ್ಲಿ 11% ದಾಟಿತ್ತು. 2014ರ ಮಧ್ಯದಿಂದ ಕಚ್ಚಾ ತೈಲ 100 ಡಾಲರ್‌ನಿಂದ ಅರ್ಧಕ್ಕಿಂತ ಕೆಳಗೆ ಬಿತ್ತು. ಅರಸೀಕೆರೆಯವರ ವಾದ ಇಲ್ಲಿ ಸರಿಯಾಗಿ ಕೂರುತ್ತೆ.

ಕಾಮರ್ಸ್ ಮೇಡಂ, ಚಿಕ್ಕಮಗಳೂರು:

ಕೂರುತ್ತೆ. ಆದರೆ ತೈಲ ಬೀಳುವ ಮೊದಲೇ, 2014ರ ಜನವರಿಯಲ್ಲೇ ಬೆಲೆ ಏರಿಕೆಗೆ ಒಂದು ಗುರಿ ಇಡಬೇಕು ಅನ್ನುವ ಉರ್ಜಿತ್ ಪಟೇಲ್ ಸಮಿತಿಯ ವರದಿ ಬಂದಿತ್ತು. ಅದರಿಂದ ಮುಂದೆ 2016ರಲ್ಲಿ ಕಾನೂನೇ ಬದಲಾಯಿತು. ಬೆಲೆ ಏರಿಕೆಗೆ 4% ಗುರಿ, ಎರಡು ಕಡೆಗೂ 2% ಸಡಿಲ, ಬಡ್ಡಿ ನಿರ್ಧರಿಸಲು ಆರು ಜನರ ಸಮಿತಿ. ಸತತ ಮೂರು ತ್ರೈಮಾಸಿಕ ಗುರಿ ತಪ್ಪಿದರೆ ಯಾಕೆ ಅಂತ ಸರ್ಕಾರಕ್ಕೆ ಬರೆದು ಕೊಡಬೇಕು. 2022ರಲ್ಲಿ ಹಾಗೆ ಬರೆಯಬೇಕಾಗಿಯೂ ಬಂತು. ಒಬ್ಬ ಮನುಷ್ಯನ ಗಟ್ಟಿತನ ಅವರ ಜೊತೆಗೇ ಹೋಗುತ್ತೆ. ಕಾನೂನು ಉಳಿಯುತ್ತೆ.

ಬೈಪಾಸ್ ರೋಡ್, ಚಿಕ್ಕಮಗಳೂರು:

ಟರ್ಕಿಯಲ್ಲಿ ನೋಡಿ. 2021ರ ಮಾರ್ಚ್‌ನಲ್ಲಿ ಅಲ್ಲಿಯ ಗವರ್ನರ್ ನಾಜಿ ಅಗ್‌ಬಾಲ್ ಬಡ್ಡಿಯನ್ನು 19%ಕ್ಕೆ ಏರಿಸಿದರು, ಎರಡೇ ದಿನಕ್ಕೆ ಅಧ್ಯಕ್ಷ ಎರ್ದೊಗಾನ್ ಮನೆಗೆ ಕಳಿಸಿದರು. ಮರುವರ್ಷ ಅಕ್ಟೋಬರ್‌ನಲ್ಲಿ ಬೆಲೆ ಏರಿಕೆ 85%. ಗವರ್ನರ್ ಗಟ್ಟಿ ಇದ್ದರೆ ಸಾಲದು, ಮೇಲಿನವರು ಸುಮ್ಮನಿರಬೇಕು.

ಹೇಮಾವತಿ ದಂಡೆ, ಹಾಸನ:

ಅಮೆರಿಕದಲ್ಲೂ ಮೇಲಿನವರು ಪೂರ್ತಿ ಸುಮ್ಮನಿರಲಿಲ್ಲ. ವೋಲ್ಕರ್ ಅವರೇ ಹೇಳಿಕೊಂಡ ಪ್ರಸಂಗ ಇದು. 1984ರಲ್ಲಿ ಶ್ವೇತಭವನದ ಲೈಬ್ರರಿಗೆ ಕರೆಸಿದರು. ಅಧ್ಯಕ್ಷ ರೇಗನ್ ಪಕ್ಕದಲ್ಲೇ ಕೂತಿದ್ದರು, ಮಾತಾಡಲಿಲ್ಲ. ರೇಗನ್ ಸಿಬ್ಬಂದಿಯ ಮುಖ್ಯಸ್ಥ ಜೇಮ್ಸ್ ಬೇಕರ್ ಮಾತ್ರ ಚುನಾವಣೆವರೆಗೆ ಬಡ್ಡಿ ಏರಿಸಬಾರದು ಅಂತ ಅಧ್ಯಕ್ಷರ ಆದೇಶ ಅಂದರು. ವೋಲ್ಕರ್ ಉತ್ತರವನ್ನೇ ಕೊಡದೆ ಎದ್ದು ಬಂದರು. ತಮಾಷೆ ಅಂದರೆ ಏರಿಸುವ ಯೋಚನೆ ಅವರಿಗೆ ಆಗ ಇರಲೇ ಇಲ್ಲ.

ಕಾಮರ್ಸ್ ಮೇಡಂ, ಚಿಕ್ಕಮಗಳೂರು:

ನಮ್ಮಲ್ಲಿ ರಾಜನ್‌ಗಿಂತ ಮುಂಚೆ ಗವರ್ನರ್ ಆಗಿದ್ದ ಸುಬ್ಬರಾವ್ ಅನುಭವಿಸಿದ್ದೂ ಅದೇ. 2010ರ ಮಾರ್ಚ್‌ನಿಂದ 2011ರ ಅಕ್ಟೋಬರ್‌ವರೆಗೆ 13 ಸಲ ಬಡ್ಡಿ ಏರಿಸಿದರು. 2012ರಲ್ಲಿ ಅವರು ಇಳಿಸಲು ಒಪ್ಪದಿದ್ದಾಗ, ಬೆಳವಣಿಗೆಗಾಗಿ ಸರ್ಕಾರ ಒಂಟಿಯಾಗಿ ನಡೆಯಬೇಕಾದರೆ ನಡೆಯುತ್ತೇವೆ ಅಂದರು ಹಣಕಾಸು ಸಚಿವ ಚಿದಂಬರಂ. ಸುಬ್ಬರಾವ್ ನಿವೃತ್ತಿಗೆ ಮುಂಚಿನ ಭಾಷಣದಲ್ಲಿ ತಿರುಗೇಟು ಕೊಟ್ಟರು. ರಿಸರ್ವ್ ಬ್ಯಾಂಕ್ ಮೇಲೆ ಸಿಟ್ಟು ಬಂದು ಒಂಟಿಯಾಗಿ ವಾಕಿಂಗ್ ಹೋಗಬೇಕು ಅನ್ನಿಸಿದರೂ, ಸದ್ಯ ಆ ಬ್ಯಾಂಕ್ ಒಂದು ಇದೆಯಲ್ಲ ಅಂತ ಸಚಿವರು ಒಂದು ದಿನ ಹೇಳಲಿ ಅನ್ನುವ ಅರ್ಥದಲ್ಲಿ.

ಸಕಲೇಶಪುರ ಘಾಟಿ:

ವಾಕಿಂಗ್ ಅಂದಿದ್ದಕ್ಕೆ ನೆನಪಾಯಿತು. ದಾಸ್ ಅವರು 2024ರ ಏಪ್ರಿಲ್‌ನಲ್ಲಿ, ಬೆಲೆ ಏರಿಕೆ ಅನ್ನೋ ಆನೆ ವಾಕಿಂಗ್ ಹೊರಟಿದೆ, ಕಾಡಿಗೆ ವಾಪಸ್ ಹೋಗುವ ಹಾಗೆ ಕಾಣುತ್ತಿದೆ ಅಂದಿದ್ದರು. ನಾನು ಟಿವಿ ಮುಂದೆ ಜೋರಾಗಿ ನಕ್ಕೆ. ಆನೆ ಕಾಡಿಗೆ ಹೋಗೋದು, ಅಲ್ಲೇ ಇರೋದು? ಒಮ್ಮೆ ಸಕಲೇಶಪುರಕ್ಕೆ ಬಂದು ನೋಡಿ ಸ್ವಾಮಿ. ಬೆಳಿಗ್ಗೆ ಕಾಡಿಗೆ ಅಟ್ಟಿದರೆ ಸಂಜೆ ತೋಟದಲ್ಲಿ, ಬಾಳೆ ಮುರಿದುಕೊಂಡು.

ಆಲೂರು ಹುಡುಗ:

ನಮ್ಮ ಕಡೆ ಭತ್ತದ ಗದ್ದೆಗೂ ಬಂದಿತ್ತು. ಪರಿಹಾರದ ಅರ್ಜಿ ಇನ್ನೂ ಓಡಾಡ್ತಿದೆ.

ಸಕಲೇಶಪುರ ಘಾಟಿ:

ಅಕ್ಟೋಬರ್ ಹೊತ್ತಿಗೆ ಅವರೇ ಆನೆ ಬಿಟ್ಟು ಕುದುರೆಗೆ ಬಂದರು. ಕಷ್ಟಪಟ್ಟು ಕುದುರೆಯನ್ನು ಲಾಯಕ್ಕೆ ತಂದಿದ್ದೇವೆ, ಬಾಗಿಲು ತೆರೆಯುವಾಗ ಹುಷಾರಾಗಿರಬೇಕು ಅಂತ. ಆನೆ ಸಹವಾಸ ಕಷ್ಟ ಅಂತ ಅವರಿಗೂ ಗೊತ್ತಾಗಿರಬೇಕು.

ನಿರ್ವಾಹಕ:

ಆನೆ ಹಾವಳಿಗೆ ಬೇರೆ ಚರ್ಚೆ ಇದೆ, ಅಲ್ಲಿ ಬರೆಯಿರಿ. ಇಲ್ಲಿ ಗವರ್ನರ್‌ಗಳು ಮಾತ್ರ.

ತೆಂಗು ತೋಟ, ಅರಸೀಕೆರೆ:

ಸರಿ, ಗವರ್ನರ್‌ಗೇ ಬರೋಣ. ಯಾರೂ ಉತ್ತರಿಸದ ಒಂದು ಪ್ರಶ್ನೆ. 2012 ಮೂಲ ವರ್ಷದ ನಮ್ಮ ಚಿಲ್ಲರೆ ಬೆಲೆ ಸೂಚ್ಯಂಕದಲ್ಲಿ ಊಟ ತಿಂಡಿಯ ಪಾಲು ಸುಮಾರು 46% ಇತ್ತು. ಅಮೆರಿಕದಲ್ಲಿ ಅದರ ಅರ್ಧವೂ ಇಲ್ಲ. 2023ರ ಜುಲೈನಲ್ಲಿ ಟೊಮೆಟೊ ದುಬಾರಿ ಆಗಿ ಬೆಲೆ ಏರಿಕೆ 7.44% ಆಯಿತು. ಬಡ್ಡಿ ಏರಿಸಿದರೆ ಟೊಮೆಟೊ ಬೆಳೆಯುತ್ತಾ?

ಕಾಮರ್ಸ್ ಮೇಡಂ, ಚಿಕ್ಕಮಗಳೂರು:

ಬೆಳೆಯಲ್ಲ. ಅದಕ್ಕೇ ಆಗ ರಿಸರ್ವ್ ಬ್ಯಾಂಕ್ ಬಡ್ಡಿ ಮುಟ್ಟಲಿಲ್ಲ. 6.50%ರಲ್ಲೇ ಕೂತಿತ್ತು. ಹೊಸ ಬೆಳೆ ಬಂತು, ಟೊಮೆಟೊ ಇಳಿಯಿತು. ಅವರ ಹೆದರಿಕೆ ಟೊಮೆಟೊ ಬಗ್ಗೆ ಅಲ್ಲ. ಟೊಮೆಟೊ ನೋಡಿ ಹೋಟೆಲ್‌ನವರು, ಆಟೋದವರು, ಕೂಲಿಯವರು ಎಲ್ಲರೂ ಇನ್ನು ಮೇಲೆ ಹೀಗೇ ಅಂತ ರೇಟು ಏರಿಸಿಬಿಟ್ಟರೆ? ಅದು ಟೊಮೆಟೊ ಇಳಿದರೂ ಇಳಿಯಲ್ಲ. ಅಮೆರಿಕದಲ್ಲಿ 70ರ ದಶಕದಲ್ಲಿ ಆಗಿದ್ದು ಅದೇ. ವೋಲ್ಕರ್ ಮುರಿದಿದ್ದು ತೈಲದ ಬೆಲೆಯನ್ನಲ್ಲ, ಆ ಅಭ್ಯಾಸವನ್ನು.

ತೆಂಗು ತೋಟ, ಅರಸೀಕೆರೆ:

ಅಭ್ಯಾಸ ಮುರಿಯಲು ಕಾರ್ಮಿಕರ ಬೆನ್ನು ಮುರಿದರು. ಇಷ್ಟಾದರೂ ಒಪ್ಪಿ ಮೇಡಂ.

ಕಾಮರ್ಸ್ ಮೇಡಂ, ಚಿಕ್ಕಮಗಳೂರು:

ಬೆಲೆ ತೆತ್ತವರು ಅವರೇ ಅನ್ನುವುದನ್ನು ಒಪ್ಪುತ್ತೇನೆ. ಬೇರೆ ದಾರಿ ಇತ್ತು ಅನ್ನುವುದನ್ನು ಒಪ್ಪಲ್ಲ. ನಿಕ್ಸನ್ ಕಾಲದಲ್ಲಿ ಬೆಲೆ, ಸಂಬಳ ಎರಡನ್ನೂ ಕಾನೂನಿನಿಂದ ಕಟ್ಟಿ ಹಾಕಿ ನೋಡಿದರು. ಕಟ್ಟು ಬಿಚ್ಚಿದ ಕೂಡಲೇ ಮತ್ತೆ ಹಾರಿತು.

ಬೈಪಾಸ್ ರೋಡ್, ಚಿಕ್ಕಮಗಳೂರು:

ಈ ವೋಲ್ಕರ್ ಆರು ಅಡಿ ಏಳು ಅಂಗುಲ ಇದ್ದರಂತೆ ನಿಜವಾ? ನಮ್ಮ ಲೈನ್ ಮನೆ ಬಾಗಿಲಲ್ಲಿ ದಿನಾ ತಲೆ ಹೊಡೆಸಿಕೊಳ್ಳುತ್ತಿದ್ದರು.

ಹೇಮಾವತಿ ದಂಡೆ, ಹಾಸನ:

ನಿಜ. ಅಗ್ಗದ ಚುಟ್ಟಾ ಸೇದುತ್ತಿದ್ದರು. ನ್ಯೂಯಾರ್ಕ್ ಫೆಡ್‌ನ ಅಧ್ಯಕ್ಷಗಿರಿ ಬಿಟ್ಟು ಬಂದಾಗ ಸಂಬಳ ಹೆಚ್ಚುಕಡಿಮೆ ಅರ್ಧ ಆಯಿತು. ಹೆಂಡತಿಗೆ ಕಾಯಿಲೆ, ಅವರು ನ್ಯೂಯಾರ್ಕ್‌ನಲ್ಲೇ ಉಳಿದರು. ಇವರು ವಾಷಿಂಗ್ಟನ್‌ನಲ್ಲಿ ಸಣ್ಣ ಅಪಾರ್ಟ್‌ಮೆಂಟ್‌ನಲ್ಲಿದ್ದರು. 2019ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ 92 ವರ್ಷ.

ತೆಂಗು ತೋಟ, ಅರಸೀಕೆರೆ:

ಮನುಷ್ಯ ಸರಳ ಇರಬಹುದು. ನೀತಿ ಸರಳ ಇರಲಿಲ್ಲ. ನಾನು ಇಷ್ಟಕ್ಕೇ ನಿಲ್ಲಿಸ್ತೀನಿ, ಕೊಬ್ಬರಿ ಗಾಡಿ ತಿಪಟೂರಿಗೆ ಹೊರಡಬೇಕು.

ಇಎಂಐ ಸಂಸಾರಿ, ಹಾಸನ:

ಹೋಗುವ ಮುಂಚೆ ಯಾರಾದರೂ ನನ್ನ ಕೆಲಸದ ಪ್ರಶ್ನೆಗೆ ಉತ್ತರ ಕೊಡಿ. ಬಡ್ಡಿ ಏರಿದಾಗ ನಮ್ಮ ಬ್ಯಾಂಕಿನವರು ಕೇಳದೇ ಅವಧಿ ಉದ್ದ ಮಾಡಿದರು. ಇಳಿದಾಗ ಕಂತು ಇಳಿಸಿ ಅಂದರೆ ನೋಡೋಣ ಅಂತಾರೆ. ಏನು ಮಾಡಲಿ?

ಹಳೇ ಮ್ಯಾನೇಜರ್, ಹಾಸನ:

ಬಾಯಲ್ಲಿ ಕೇಳಬೇಡಿ, ಬರೆದು ಕೊಡಿ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಬಂದಿದೆ. ಬಡ್ಡಿ ಬದಲಾದಾಗ ಕಂತು ಏರಿಸಬೇಕಾ, ಅವಧಿ ಉದ್ದ ಮಾಡಬೇಕಾ, ಎರಡೂ ಸ್ವಲ್ಪ ಸ್ವಲ್ಪವಾ, ಆಯ್ಕೆ ನಿಮ್ಮದು. ಅದನ್ನು ನಮೂದಿಸಿ ಶಾಖೆಯಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮತ್ತೆ ಬಡ್ಡಿ ಇಳಿದಾಗ ಕಂತು ಇಳಿಸಲು ಹೋಗಬೇಡಿ, ಅದೇ ಕಂತು ಕಟ್ಟಿ ಅವಧಿ ಮೊಟಕು ಮಾಡಿಸಿ. ಕೈಯಲ್ಲಿ ಸ್ವಲ್ಪ ದುಡ್ಡು ಉಳಿದರೆ ಅಸಲಿಗೆ ಹಾಕಿ. ಫ್ಲೋಟಿಂಗ್ ಅಂದರೆ ಏರಿಳಿಯುವ ಬಡ್ಡಿಯ ಮನೆ ಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡ ಹಾಕುವ ಹಾಗಿಲ್ಲ.

ಇಎಂಐ ಸಂಸಾರಿ, ಹಾಸನ:

ಸೋಮವಾರವೇ ಹೋಗ್ತೀನಿ ಸಾರ್. ಅರ್ಜಿ ಕನ್ನಡದಲ್ಲಿ ಬರೆದರೆ ತಗೋತಾರಾ?

ಹಳೇ ಮ್ಯಾನೇಜರ್, ಹಾಸನ:

ತಗೊಳ್ಳಲೇಬೇಕು. ಎರಡು ಪ್ರತಿ ಮಾಡಿಕೊಂಡು ಹೋಗಿ.